ಹಕ್ಕು ಮತ್ತು ಅದರ ವಿಳಾಸ: ವಿಜಯಪುರದಲ್ಲಿ ಮಾನವ ಹಕ್ಕುಗಳ ಕಾನೂನು ಓದುವುದು

(ದತ್ತಿ ಉಪನ್ಯಾಸದ ಪಠ್ಯ)

ಮುಂದಿನ ಸಾಲುಗಳನ್ನು ನಮಗೆ ಬಿಟ್ಟುಕೊಟ್ಟು ಹಿಂದೆ ಕುಳಿತಿರುವ ವಿದ್ಯಾರ್ಥಿ, ವಿದ್ಯಾರ್ಥಿನಿಯರೆ,

ಈ ಊರಿನಲ್ಲಿ ಒಬ್ಬ ವಕೀಲರ ನೆನಪಿಗಾಗಿ ಮಾತಾಡಲು ನಿಂತವರು ಫ.ಗು. ಹಳಕಟ್ಟಿಯವರನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ಕಾನೂನು ಪದವಿ ಪಡೆದು, ವಿಜಾಪುರಕ್ಕೆ ಬಂದು ನೆಲೆ ನಿಂತವರು ಅವರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಅವರನ್ನು ನಾವು ವಚನ ಪಿತಾಮಹ ಎಂದು ಕರೆದು ಕೈಮುಗಿದಿದ್ದೇವೆ, ಅವರ ವಕೀಲಿಕೆಯನ್ನು ಮಾತ್ರ ಬದಿಗಿಟ್ಟಿದ್ದೇವೆ. ಊರೂರು ತಿರುಗಿ ತಾಳೆಗರಿ ಕೂಡಿಹಾಕುವುದು, ಒಂದು ಪ್ರತಿಯನ್ನು ಇನ್ನೊಂದರ ಜೊತೆ ತಾಳೆ ನೋಡುವುದು, ಯಾವ ಮಾತು ಯಾರದೆಂದು ನಿರ್ಧರಿಸುವುದು: ಇದು ದಾಖಲೆಯ ಬೆಲೆ ಬಲ್ಲವರ ಕೆಲಸ. ನನಗಂತೂ ಅದರಲ್ಲಿ ಒಬ್ಬ ವಕೀಲರ ಕೈ ಕಾಣುತ್ತದೆ.

ಇಂದು ನನಗೆ ಕೊಟ್ಟಿರುವ ವಿಷಯ ಪದವಿ ಹಂತದಲ್ಲಿ ಮಾನವ ಹಕ್ಕುಗಳ ಕಾನೂನಿನ ಅಧ್ಯಯನ. ವಿಷಯ ದೊಡ್ಡದು, ವೇಳೆ ಸಣ್ಣದು. ಆದ್ದರಿಂದ ನಾಲ್ಕು ಸಂಗತಿಗಳಿಗೆ ಮಾತ್ರ ಕೈಹಾಕುತ್ತೇನೆ. ಈ ವಿಷಯದ ಪತ್ರಿಕೆಯನ್ನು ನಾವು ಎಲ್ಲಿಂದ ಓದಲು ಶುರುಮಾಡುತ್ತೇವೆ ಎಂಬುದು ಮೊದಲನೆಯದು. ನಾವು ಬಾಯಿಪಾಠ ಮಾಡುವ ದೊಡ್ಡ ತೀರ್ಪುಗಳ ಹಿಂದಿನ ಕನ್ನಡದ ಊರುಗಳು ಎರಡನೆಯದು. ಮೂರನೆಯದು ಇದೇ ನಗರದ ಒಂದು ಇಟ್ಟಂಗಿ ಭಟ್ಟಿ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೇಸರಿಸಬಾರದು. ಕೊನೆಗೆ ಮನೆ, ನೆಲ ಮತ್ತು ಜೈಲು. ನಾಲ್ಕರಲ್ಲೂ ನಾನು ಹೇಳಬೇಕಾದದ್ದು ಒಂದೇ. ಹಕ್ಕನ್ನು ಓದುವಾಗ ಅದರ ಪರಿಹಾರ ಸಿಗುವ ವಿಳಾಸವನ್ನೂ ಓದಬೇಕು: ಯಾವ ಕಚೇರಿ, ಯಾವ ಅಧಿಕಾರಿ, ಎಷ್ಟು ದಿನ, ಯಾವ ಅರ್ಜಿ.

ಮೊದಲ ಸಂಗತಿಗೆ ಬರುತ್ತೇನೆ.

ಪಠ್ಯಪುಸ್ತಕಗಳು ಈ ವಿಷಯವನ್ನು ಮೇಲಿನಿಂದ ಕೆಳಗೆ ಇಳಿಸುತ್ತವೆ. ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾ, ಫ್ರಾನ್ಸಿನ ಕ್ರಾಂತಿ, ಎರಡನೆಯ ಮಹಾಯುದ್ಧ, 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಒಪ್ಪಿದ ಸಾರ್ವತ್ರಿಕ ಘೋಷಣೆ, 1966ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳು, 1979ರಲ್ಲಿ ಭಾರತ ಅವನ್ನು ಒಪ್ಪಿಕೊಂಡದ್ದು. ಅಲ್ಲಿಂದ ದೆಹಲಿಗೆ, 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮಕ್ಕೆ. ಅಲ್ಲಿಂದ ಬೆಂಗಳೂರಿಗೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ. ಬೆಂಗಳೂರು ಮುಟ್ಟುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ನಮ್ಮ ಜಿಲ್ಲೆಯ ತಿಕೋಟಾಕ್ಕೆ, ಬಬಲೇಶ್ವರಕ್ಕೆ ಆ ಪತ್ರಿಕೆ ಬರುವುದೇ ಇಲ್ಲ.

ಇತಿಹಾಸ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ 1993ರ ಅಧಿನಿಯಮವನ್ನು ಬಿಡಿಸಿ ಅದರ 2(1)(ಡಿ) ಕಲಮನ್ನು ನಿಧಾನವಾಗಿ ಓದಿ ನೋಡಿ. ಜೀವ, ಸ್ವಾತಂತ್ರ್ಯ, ಸಮಾನತೆ, ಘನತೆ ಈ ನಾಲ್ಕಕ್ಕೆ ಸಂಬಂಧಿಸಿದ ಹಕ್ಕುಗಳು ಎಂದು ಹೇಳಿ ಆ ವ್ಯಾಖ್ಯೆ ಸುಮ್ಮನಾಗುವುದಿಲ್ಲ. ಅವು ಸಂವಿಧಾನ ಖಾತರಿ ಕೊಟ್ಟವು ಅಥವಾ ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲಿ ಸೇರಿದವು ಆಗಿರಬೇಕು, ಮತ್ತು ಭಾರತದ ನ್ಯಾಯಾಲಯಗಳು ಜಾರಿಗೊಳಿಸಬಲ್ಲವು ಆಗಿರಬೇಕು ಎಂದು ಷರತ್ತು ಹಾಕುತ್ತದೆ. ಅಂದರೆ ಕಾನೂನು ಬರೆದವರೇ ಹಕ್ಕನ್ನು ಕೋರ್ಟಿನ ಕಟ್ಟೆಗೆ ಕಟ್ಟಿದ್ದಾರೆ. ನಾವು ಪಾಠ ಮಾಡುವಾಗ ಆ ಕಟ್ಟು ಬಿಚ್ಚಿಬಿಡುತ್ತೇವೆ.

ಅದೇ ಅಧಿನಿಯಮದ 30ನೆಯ ಕಲಮು ಜಿಲ್ಲೆಗೊಂದು ಸೆಷನ್ಸ್ ನ್ಯಾಯಾಲಯವನ್ನು ಮಾನವ ಹಕ್ಕುಗಳ ನ್ಯಾಯಾಲಯವೆಂದು ರಾಜ್ಯ ಸರ್ಕಾರ ಗೊತ್ತುಪಡಿಸಬಹುದು ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ‘ಮಾನವ ಹಕ್ಕುಗಳ ಉಲ್ಲಂಘನೆಯಿಂದ ಉಂಟಾಗುವ ಅಪರಾಧ’ ಯಾವುದು ಎಂದು ಅಧಿನಿಯಮದಲ್ಲಿ ಎಲ್ಲೂ ಹೇಳಿಲ್ಲ. ಕೋಣೆ ಕಟ್ಟಿ ಬಾಗಿಲಿಡುವುದನ್ನು ಮರೆತಂತೆ ಇದು. ಇನ್ನೊಂದು ಕಲಮನ್ನು ನೀವು ಕಂಠಪಾಠ ಮಾಡಲೇಬೇಕು: 36(2). ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಹಳ್ಳಿಯಲ್ಲಿ ಊರ ಹಿರಿಯರ ಪಂಚಾಯ್ತಿ ಮುಗಿಯಲು, ರಾಜಿ ಮುರಿಯಲು, ಗುಳೆ ಹೋದವರು ತಿರುಗಿ ಬರಲು ಎಷ್ಟು ತಿಂಗಳು ಬೇಕೆಂದು ನಿಮಗೆ ಗೊತ್ತಿದೆ. ಆ ಒಂದು ವರ್ಷದ ಅರ್ಥ ಪ್ಯಾರಿಸ್ಸಿನ ಘೋಷಣೆಯಿಂದ ತಿಳಿಯುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆ ಇದು. ಮಾನವ ಹಕ್ಕುಗಳ ಮಾತು ಬಂದ ಕೂಡಲೆ ‘ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲೇ ಇತ್ತಲ್ಲ’ ಎಂದು ಭಾಷಣ ಮುಗಿಸುವ ರೂಢಿ ನಮ್ಮಲ್ಲಿದೆ. ಮನುಷ್ಯ ಮನುಷ್ಯನನ್ನು ಹೇಗೆ ಕಾಣಬೇಕು ಎಂಬುದಕ್ಕೆ ಶರಣರಿಗಿಂತ ದೊಡ್ಡ ಗುರುಗಳು ನಮಗೆ ಬೇಕಿಲ್ಲ, ನಿಜ. ಕೂಲಿ ಕೊಡದ ಧಣಿಯ ಮೇಲೆ ಯಾವ ಕಲಮಿನಡಿ ಫಿರ್ಯಾದಿ ಕೊಡಬೇಕು ಎಂಬುದನ್ನು ಮಾತ್ರ ನಾವೇ ಓದಿ ತಿಳಿಯಬೇಕು. ಬಾಗೇವಾಡಿಯ ಹೆಸರು ಹೇಳಿ ಆ ಓದಿನಿಂದ ತಪ್ಪಿಸಿಕೊಳ್ಳಬಾರದು.

ಈಗ ಎರಡನೆಯ ಸಂಗತಿ. ನೀವು ಪರೀಕ್ಷೆಗೆ ಬರೆಯುವ ದೊಡ್ಡ ಪ್ರಕರಣಗಳಲ್ಲಿ ಮೂರನ್ನು ಆರಿಸಿಕೊಳ್ಳುತ್ತೇನೆ. ಮೂರೂ ಕನ್ನಡದ ನೆಲದಿಂದ ಹೋದವು.

ಕೇಶವಾನಂದ ಭಾರತಿ ಪ್ರಕರಣವನ್ನು ಅರಿಯದ ಕಾನೂನು ವಿದ್ಯಾರ್ಥಿ ಇಲ್ಲ. ಆ ಸ್ವಾಮಿಗಳು ಕಾಸರಗೋಡಿನ ಎಡನೀರು ಮಠದವರು, ಕನ್ನಡದ ಮಠದವರು, ಯಕ್ಷಗಾನವನ್ನೂ ಸಂಗೀತವನ್ನೂ ಬೆಳೆಸಿದವರು ಎಂದು ಹೇಳಿದರೆ ಅರ್ಧ ತರಗತಿ ಆಶ್ಚರ್ಯಪಡುತ್ತದೆ. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆಂದು 1970ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಭೂಸುಧಾರಣೆ ಕಾನೂನುಗಳಿಗೆ ರಕ್ಷಣೆ ಕೊಟ್ಟ 29ನೆಯ ತಿದ್ದುಪಡಿಯನ್ನು ಅದೇ ತೀರ್ಪು ಎತ್ತಿಹಿಡಿಯಿತು. ದೇಶಕ್ಕೆ ಒಂದು ಸಿದ್ಧಾಂತ ಸಿಕ್ಕಿತು, ಮಠಕ್ಕೆ ಬೇಕಾದದ್ದು ಸಿಗಲಿಲ್ಲ. ಹಕ್ಕುಗಳ ಚರಿತ್ರೆಯಲ್ಲಿ ಅರ್ಜಿದಾರನ ಗೆಲುವು ಬೇರೆ, ಕಾನೂನಿನ ಗೆಲುವು ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇನ್ನೊಂದು ತೊಡಕೂ ಇದೆ. ಗೇಣಿದಾರನ ಕಡೆಯಿಂದ ನೋಡಿದರೆ ಅಲ್ಲಿ ಮಾನವ ಹಕ್ಕು ಯಾರ ಪರವಾಗಿತ್ತು? ಈ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕು.

ಎರಡನೆಯದು ಮೋಹಿನಿ ಜೈನ್ ಪ್ರಕರಣ, 1992ರದು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ವರ್ಷದ ಶುಲ್ಕ ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ಎಂದು ಸರ್ಕಾರದ ಅಧಿಸೂಚನೆಯೇ ಗೊತ್ತುಮಾಡಿತ್ತು. ಹೊರರಾಜ್ಯದಿಂದ ಬಂದ ವಿದ್ಯಾರ್ಥಿನಿ ಪ್ರಶ್ನಿಸಿದರು. ಶಿಕ್ಷಣದ ಹಕ್ಕು ಬದುಕಿನ ಹಕ್ಕಿನಿಂದಲೇ ಹರಿದು ಬರುತ್ತದೆ, ಕ್ಯಾಪಿಟೇಶನ್ ಶುಲ್ಕ ಸಲ್ಲದು ಎಂದಿತು ಸುಪ್ರೀಂ ಕೋರ್ಟ್. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು ಹದಿನಾಲ್ಕು ವರ್ಷದ ವಯಸ್ಸಿಗೆ ಮಿತಿಗೊಳಿಸಿದರು. 2002ರ 86ನೆಯ ತಿದ್ದುಪಡಿಯಿಂದ 21ಎ ಅನುಚ್ಛೇದ ಬಂತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಮೆಡಿಕಲ್ ಸೀಟಿನ ಜಗಳ ಒಂದನೆಯ ತರಗತಿಯ ಮಗುವಿನ ಹಕ್ಕಾಗಿ ಮುಗಿದದ್ದು ಹೀಗೆ.

ಮೂರನೆಯದು ಪುಟ್ಟಸ್ವಾಮಿ ಪ್ರಕರಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರರ ಆಸುಪಾಸಿನ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಪಡಿತರ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ಮರಳಿ ಹೋದ ಮುದುಕಿಯ ಕಥೆ ಈ ತೀರ್ಪಿನ ಜೊತೆಗೇ ಓದಬೇಕಾದದ್ದು. 2018ರಲ್ಲಿ ಆಧಾರ್ ಯೋಜನೆಯನ್ನು ಕೋರ್ಟು ಬಹುಮಟ್ಟಿಗೆ ಎತ್ತಿಹಿಡಿದರೂ, ದೃಢೀಕರಣ ವಿಫಲವಾಯಿತೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂದೂ ಹೇಳಿತು. ಆ ಒಂದು ಸಾಲು ಹಿಡಿದುಕೊಂಡು ತಹಶೀಲ್ದಾರರಿಗೆ ಅರ್ಜಿ ಬರೆಯಬಹುದು.

ಇಷ್ಟು ಸಾಕು. ಮೂರನೆಯ ಸಂಗತಿಗೆ, ಭಟ್ಟಿಗೆ, ಹೋಗೋಣ.

2025ರ ಜನವರಿಯಲ್ಲಿ ಒಂದು ವಿಡಿಯೋ ರಾಜ್ಯದ ತುಂಬ ಓಡಾಡಿತು. ಇದೇ ವಿಜಯಪುರದ ಇಟ್ಟಂಗಿ ಭಟ್ಟಿಯೊಂದರಲ್ಲಿ, ಸಂಕ್ರಾಂತಿಗೆ ಊರಿಗೆ ಹೋಗಿ ಬಂದ ಕೂಲಿಕಾರರನ್ನು ಮುಂಗಡ ಹಣದ ವಿಚಾರವಾಗಿ ಪೈಪಿನಿಂದ ಹೊಡೆಯುತ್ತಿದ್ದ ದೃಶ್ಯ. ಪೊಲೀಸರು ಪ್ರಕರಣ ದಾಖಲಿಸಿದರು. ತಪ್ಪು ಯಾರದು, ಎಷ್ಟು ಎಂಬುದು ನ್ಯಾಯಾಲಯದ ಕೆಲಸ, ಅದರ ಬಗ್ಗೆ ನಾನು ಒಂದಕ್ಷರವೂ ಆಡುವುದಿಲ್ಲ. ನನ್ನ ಪ್ರಶ್ನೆ ಬೇರೆ. ಇಂಥ ಸುದ್ದಿಯನ್ನು ಒಬ್ಬ ಪದವಿ ವಿದ್ಯಾರ್ಥಿ ಹೇಗೆ ಓದಬೇಕು?

ಹೊಡೆತ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗಾಯದ, ಅಕ್ರಮ ಬಂಧನದ ಕಲಮುಗಳಿವೆ. ಕಾನೂನು ಓದುವವರ ಕಣ್ಣು ಹೊಡೆತಕ್ಕಿಂತ ಮೊದಲು ಮುಂಗಡದ ಮೇಲೆ ಬೀಳಬೇಕು. ನಮ್ಮ ಭಾಗದ ಕೂಲಿಯ ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ. ಭಟ್ಟಿಗೆ ಹೋಗುವ ಕುಟುಂಬ ಇರಲಿ, ಕಬ್ಬು ಕಡಿಯಲು ಗ್ಯಾಂಗ್ ಕಟ್ಟಿಕೊಂಡು ಹೊರಡುವವರಿರಲಿ, ತಾಂಡಾಗಳಿಂದ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋಗುವವರಿರಲಿ, ಮಗಳ ಮದುವೆಗೋ ಆಸ್ಪತ್ರೆಗೋ ಮಳೆಗಾಲದಲ್ಲೇ ಹಣ ಎತ್ತಿರುತ್ತಾರೆ. ಆಮೇಲೆ ದುಡಿದು ತೀರಿಸುವುದು. ಲೆಕ್ಕದ ಪುಸ್ತಕ ಹಣ ಕೊಟ್ಟವನ ಕೈಯಲ್ಲಿರುತ್ತದೆ.

1976ರ ಜೀತ ಪದ್ಧತಿ ನಿರ್ಮೂಲನ ಅಧಿನಿಯಮದ 2(ಜಿ) ಕಲಮು ಓದಿ. ಜೀತವೆಂದರೆ ಕಾಲಿಗೆ ಸರಪಳಿ ಹಾಕಿರಬೇಕೆಂದಿಲ್ಲ. ಮುಂಗಡ ಪಡೆದ ಕಾರಣಕ್ಕೆ ಒಬ್ಬ ಮನುಷ್ಯ ಸಂಬಳವಿಲ್ಲದೆ ಅಥವಾ ಹೆಸರಿಗಷ್ಟೆ ಇರುವ ಸಂಬಳಕ್ಕೆ ದುಡಿಯಬೇಕಾಗಿ ಬಂದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ, ಎಲ್ಲಿ ಬೇಕಾದರೂ ಓಡಾಡುವ ಹಕ್ಕು ಕಳೆದುಕೊಂಡರೆ, ಅದು ಜೀತ. ಇವುಗಳಲ್ಲಿ ಒಂದಿದ್ದರೂ ಸಾಕು. ಹಬ್ಬಕ್ಕೆ ಊರಿಗೆ ಹೋಗಬೇಕಾದರೆ ಧಣಿಯ ಅಪ್ಪಣೆ ಬೇಕು ಎಂಬ ಪರಿಸ್ಥಿತಿಯನ್ನು ಈ ಕಲಮಿನ ಪಕ್ಕ ಇಟ್ಟು ನೋಡಿ.

ಇದರ ಜೊತೆ ಎರಡು ತೀರ್ಪು ಓದಬೇಕು. 1982ರದು ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣ, ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ತಂದದ್ದು. ಹಸಿವಿನ ಒತ್ತಾಯಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ 23ನೆಯ ಅನುಚ್ಛೇದ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು ಕೋರ್ಟ್. ಎರಡನೆಯದು ಫರೀದಾಬಾದಿನ ಕಲ್ಲುಗಣಿಗಳ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣ. ಬಲವಂತದಿಂದ ದುಡಿಸಿದ್ದು ತೋರಿಬಂದರೆ ಅದರ ಹಿಂದೆ ಮುಂಗಡವಿದೆ ಎಂದೇ ನ್ಯಾಯಾಲಯ ಊಹಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ದುಡಿಸಿಕೊಂಡವನದು ಎಂದು 1983ರ ಡಿಸೆಂಬರಿನಲ್ಲಿ ತೀರ್ಪಾಯಿತು. ಅಧಿನಿಯಮದ 15ನೆಯ ಕಲಮು ಕೂಡ ಪುರಾವೆಯ ಭಾರವನ್ನು ಸಾಲ ಕೊಟ್ಟವನ ಮೇಲೇ ಹೊರಿಸುತ್ತದೆ. ಪುಸ್ತಕ ಯಾರ ಕೈಯಲ್ಲಿದೆ ಎಂದು ಆಗಲೇ ಹೇಳಿದೆನಲ್ಲ, ಈ ಕಲಮಿನ ಬೆಲೆ ಅಲ್ಲಿ ತಿಳಿಯುತ್ತದೆ.

ಇನ್ನು ವಿಳಾಸ. ಜೀತದ ವಿಷಯದಲ್ಲಿ ಮೊದಲು ಎಚ್ಚೆತ್ತುಕೊಳ್ಳಬೇಕಾದವರು ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಜಿಲ್ಲಾಧಿಕಾರಿಗಳು, ಮತ್ತು ಅವರು ಗೊತ್ತುಪಡಿಸಿದ ಅಧಿಕಾರಿಗಳು. 12ನೆಯ ಕಲಮಿನ ಪ್ರಕಾರ ತಮ್ಮ ವ್ಯಾಪ್ತಿಯಲ್ಲಿ ಜೀತ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಅವರ ಕರ್ತವ್ಯ, ಯಾರಾದರೂ ಅರ್ಜಿ ಕೊಡಲಿ ಎಂದು ಕಾಯುವಂತಿಲ್ಲ. 13ನೆಯ ಕಲಮಿನಡಿ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಗಳಿರಬೇಕು. ಜೀತದ ಸಾಲ ಕಾನೂನಿನಿಂದಲೇ ರದ್ದು, ಬಿಡುಗಡೆ ಪ್ರಮಾಣಪತ್ರ ಅದಕ್ಕೆ ದಾಖಲೆ. ಕೇಂದ್ರದ 2016ರ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು ಈಗ 30,000 ರೂಪಾಯಿವರೆಗೆ ಇದೆ, ಮುಂದಿನ ಪುನರ್ವಸತಿಗೆ ವ್ಯಕ್ತಿಯ ಪರಿಸ್ಥಿತಿಗೆ ತಕ್ಕಂತೆ ಒಂದರಿಂದ ಮೂರು ಲಕ್ಷ. ಸಂತ್ರಸ್ತರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಅಧಿನಿಯಮದ 3(1)(ಎಚ್) ಬೇರೆ ಇದೆ.

ಆದರೆ ಕಾನೂನಿನ ಬಡತನವನ್ನೂ ಮುಚ್ಚಿಡಬಾರದು. 1976ರ ಅಧಿನಿಯಮದಲ್ಲಿ ಶಿಕ್ಷೆ ಮೂರು ವರ್ಷದವರೆಗೆ ಸೆರೆ, ದಂಡ ಎರಡು ಸಾವಿರ ರೂಪಾಯಿವರೆಗೆ. ಆ ಎರಡು ಸಾವಿರ ಇಂದಿಗೂ ಎರಡು ಸಾವಿರವೇ. ಪುನರ್ವಸತಿ ಯೋಜನೆಯ ದೊಡ್ಡ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಜೋಡಿಸಿಟ್ಟಿದ್ದಾರೆ. ಸಾಕ್ಷಿ ಹೇಳಬೇಕಾದವರು ಆ ಹೊತ್ತಿಗೆ ಮತ್ತೊಂದು ಊರಿನ ಮತ್ತೊಂದು ಭಟ್ಟಿಯಲ್ಲಿ ಇರುತ್ತಾರೆ. ಠಾಣೆಯಲ್ಲಿ ಹೊಡೆತದ ಕಲಮಷ್ಟೇ ಬಿದ್ದು ಜೀತದ ಅಧಿನಿಯಮ ಹೊರಗುಳಿದರೆ ಬಿಡುಗಡೆ ಪತ್ರವೂ ಇಲ್ಲ, ನೆರವೂ ಇಲ್ಲ. ಎಫ್‌ಐಆರ್‌ನ ಒಂದು ಸಾಲಿನಲ್ಲಿ ಒಂದು ಕುಟುಂಬದ ಮುಂದಿನ ಐದು ವರ್ಷ ನಿರ್ಧಾರವಾಗುತ್ತದೆ. ಇದನ್ನು ನೀವು ನ್ಯಾಯಾಲಯದ ತೀರ್ಪು ಓದಿ ಕಲಿಯಲಾರಿರಿ, ಎಫ್‌ಐಆರ್ ಓದಿ ಕಲಿಯಬೇಕು.

ಕಾರ್ಮಿಕ ಕಾನೂನಿನ ಬಗ್ಗೆ ಒಂದು ಎಚ್ಚರಿಕೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಅಧಿನಿಯಮ, 1976ರ ಸಮಾನ ವೇತನ ಅಧಿನಿಯಮ ಇವೆಲ್ಲ ಅವುಗಳ ಹೊಟ್ಟೆಯೊಳಗೆ ಹೋಗಿವೆ, ಜೀತ ನಿರ್ಮೂಲನ ಅಧಿನಿಯಮ ಹೋಗಿಲ್ಲ. ಹಳೆಯ ನೋಟ್ಸ್ ಓದುತ್ತಿರುವವರು ತಿದ್ದಿಕೊಳ್ಳಿ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಒಂದೇ ಕೆಲಸಕ್ಕೆ ಹೆಣ್ಣಾಳಿಗೆ ಎಷ್ಟು ಕೊಡುತ್ತಾರೆ, ಗಂಡಾಳಿಗೆ ಎಷ್ಟು ಕೊಡುತ್ತಾರೆ ಎಂದು ನಿಮ್ಮಲ್ಲಿ ಹಲವರಿಗೆ ಮನೆಯಿಂದಲೇ ಗೊತ್ತು. ಅದಕ್ಕೆ ಈಗ ಯಾವ ಸಂಹಿತೆಯ ಯಾವ ಕಲಮು ಎಂದು ಹುಡುಕುವುದು ಒಂದು ಒಳ್ಳೆಯ ಅಸೈನ್‌ಮೆಂಟ್. ಉತ್ತರ ಹುಡುಕುವಾಗ ಸ್ವಂತ ತೋಟದ ಲೆಕ್ಕವೂ ಎದುರು ಬರಬಹುದು. ಬರಲಿ.

ನಾಲ್ಕನೆಯ ಸಂಗತಿಯಲ್ಲಿ ಮನೆ, ನೆಲ, ಜೈಲು ಮೂರನ್ನೂ ಒಟ್ಟಿಗೆ ಹಿಡಿದಿದ್ದೇನೆ.

ಈ ನಗರದಲ್ಲಿ ಸ್ಮಾರಕಗಳ ಪಕ್ಕದಲ್ಲಿ ಜನ ಬದುಕುವುದು ಇಂದು ನಿನ್ನೆಯದಲ್ಲ. ಗೋಳಗುಮ್ಮಟ, ಜುಮ್ಮಾ ಮಸೀದಿ, ಬಾರಾಕಮಾನ್, ಮೆಹತರ್ ಮಹಲ್, ಅಸರ್ ಮಹಲ್ ಹೀಗೆ ಎತ್ತ ತಿರುಗಿದರೂ ಒಂದು ಸ್ಮಾರಕ, ಅದರ ಸುತ್ತ ಓಣಿಗಳು. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಬಂದ ತಿದ್ದುಪಡಿ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ ಎನ್ನುತ್ತದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆ ದುರಸ್ತಿ ಮಾಡಬೇಕಾದರೆ ಅದು 1992ರ ಜೂನ್ 16ಕ್ಕಿಂತ ಮೊದಲಿನದೆಂದು, ಅಥವಾ ಆಮೇಲೆ ಅನುಮತಿ ಪಡೆದು ಕಟ್ಟಿದ್ದೆಂದು ತೋರಿಸಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಮಾಳಿಗೆ ಸೋರುವ ಮನೆಯ ವಿಧವೆಯೊಬ್ಬರು 1992ರ ಪುರಾವೆ ಎಲ್ಲಿಂದ ತರಬೇಕು? ಹಳೆಯ ಉತಾರ, ಮನೆಪಟ್ಟಿ ಕಟ್ಟಿದ ಪಾವತಿ, ವಿದ್ಯುತ್ ಬಿಲ್ಲು, ಹಳೆಯ ಮತದಾರರ ಪಟ್ಟಿ: ಇವನ್ನು ಹುಡುಕಿ ಕೂಡಿಸಿಕೊಡುವುದು ಕಾನೂನು ವಿದ್ಯಾರ್ಥಿ ಮಾಡಬಲ್ಲ ಕೆಲಸ. ಹಳಕಟ್ಟಿಯವರ ಕಸುಬು ಇಲ್ಲಿ ನೆರವಿಗೆ ಬರುತ್ತದೆ.

ಸ್ಮಾರಕ ಉಳಿಯಬೇಕೆಂಬುದನ್ನು ನಾನು ಒಪ್ಪುತ್ತೇನೆ. ಸಂವಿಧಾನದ 49ನೆಯ ಅನುಚ್ಛೇದ ಅದನ್ನು ರಾಜ್ಯದ ಹೊಣೆ ಎನ್ನುತ್ತದೆ. ವಸತಿ ಬದುಕಿನ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಎರಡೂ ನಿಜವಾದಾಗ ಏನು ಮಾಡಬೇಕು ಎಂಬಲ್ಲಿಂದ ಕಾನೂನಿನ ಓದು ಶುರುವಾಗುತ್ತದೆ.

ನೆಲದ ಮಾತು ಆಲಮಟ್ಟಿಯದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು. ಈಗ 519.6 ಮೀಟರ್‌ವರೆಗೆ ನೀರು ನಿಲ್ಲುತ್ತದೆ, 524.256ಕ್ಕೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಹಳೆಯ ಕೊಲ್ಹಾರ ಮುಳುಗಿದ್ದನ್ನು ಕಂಡವರು ಈ ಸಭೆಯಲ್ಲೇ ಇರಬಹುದು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಗೊತ್ತುಮಾಡಿತು. ಪತ್ರಿಕೆಗಳು ಎಕರೆಯ ದರವನ್ನೇ ದೊಡ್ಡಕ್ಷರದಲ್ಲಿ ಹಾಕಿದವು. ಉತಾರದಲ್ಲಿ ಹೆಸರಿಲ್ಲದವರ ಗತಿ ಏನು? 1894ರ ಭೂಸ್ವಾಧೀನ ಅಧಿನಿಯಮದಲ್ಲಿ ಅವರಿಗೆ ಜಾಗವೇ ಇರಲಿಲ್ಲ. 2013ರ ಅಧಿನಿಯಮದ 3(ಸಿ) ಕಲಮು ಬಾಧಿತ ಕುಟುಂಬವೆಂದರೆ ಯಾರು ಎಂದು ಹೇಳುವಾಗ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಬದುಕಿದ ಕೃಷಿ ಕೂಲಿಕಾರರನ್ನೂ, ಗೇಣಿದಾರರನ್ನೂ, ಪಾಲಿಗೆ ಮಾಡಿದವರನ್ನೂ ಸೇರಿಸಿದೆ. ಆ ಮೂರು ವರ್ಷದ ದುಡಿಮೆಗೆ ಹಾಜರಿ ಪಟ್ಟಿ ಯಾರು ಬರೆದಿಟ್ಟಿದ್ದಾರೆ? ಅದೇ ಕೃಷ್ಣೆಯ ನೀರು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಈ ಭಾಗದ ಬಿರಿದ ಹೊಲಗಳಿಗೆ ಹರಿದಾಗ ನಾವೆಲ್ಲ ಸಂತೋಷಪಟ್ಟಿದ್ದೇವೆ. ಒಂದೇ ಜಿಲ್ಲೆಯಲ್ಲಿ ನೀರು ಪಡೆದವರೂ ಇದ್ದಾರೆ, ನೀರಿಗೆ ಊರು ಕೊಟ್ಟವರೂ ಇದ್ದಾರೆ. ಎರಡೂ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಈ ಪತ್ರಿಕೆ ಓದುತ್ತಿರಬಹುದು.

ಕೊನೆಗೆ ಜೈಲು. ದರ್ಗಾ ಜೈಲೆಂದು ನಾವು ಕರೆಯುವ ಕೇಂದ್ರ ಕಾರಾಗೃಹ ಈ ನಗರದಲ್ಲೇ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮನ್ನು ಓದಿಕೊಳ್ಳಿ. ಮರಣದಂಡನೆ, ಆಜೀವ ಶಿಕ್ಷೆಯ ಆರೋಪಗಳನ್ನು ಬಿಟ್ಟು, ವಿಚಾರಣಾಧೀನ ಕೈದಿಯೊಬ್ಬ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಜಾಮೀನಿನ ಮೇಲೆ ಬಿಡಬೇಕು. ಹಿಂದೆಂದೂ ಶಿಕ್ಷೆಯಾಗದವನಾದರೆ ಮೂರನೆಯ ಒಂದು ಭಾಗ ಕಳೆದರೆ ಸಾಕು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದವರಿಗೆ ಇದು ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಿ. ಅವಧಿ ಮುಗಿದಾಗ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾದವರು ಜೈಲಿನ ಅಧೀಕ್ಷಕರೇ. ಈ ಲೆಕ್ಕ ತೆಗೆಯಲು ಬೇಕಾದದ್ದು ಒಂದು ಕ್ಯಾಲೆಂಡರು ಮತ್ತು ಆರೋಪದ ಕಲಮುಗಳ ಪಟ್ಟಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರಾಗಿ ಕಾನೂನು ವಿದ್ಯಾರ್ಥಿಗಳು ಸೇರಬಹುದು. ಕಾನೂನು ಸೇವೆಗಳ ಅಧಿನಿಯಮದ 12ನೆಯ ಕಲಮಿನಡಿ ಬಂಧನದಲ್ಲಿರುವವರಿಗೂ, ಎಲ್ಲ ಹೆಣ್ಣುಮಕ್ಕಳಿಗೂ, ಪರಿಶಿಷ್ಟರಿಗೂ ಆದಾಯ ಕೇಳದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ತಪ್ಪು ವಿಳಾಸಗಳೂ ಇವೆ. ಮಾನವ ಹಕ್ಕುಗಳ ಹೆಸರಿನ ಬೋರ್ಡು ಹಾಕಿಕೊಂಡು ಓಡಾಡುವ ಕಾರುಗಳನ್ನು ನೀವು ಕಂಡಿರುತ್ತೀರಿ. ಅವುಗಳನ್ನು ಆಯೋಗವೆಂದು ಜನ ತಿಳಿಯುತ್ತಾರೆ, ಗುರುತಿನ ಚೀಟಿಗೆ ದುಡ್ಡು ಕೊಟ್ಟವರೂ ಇದ್ದಾರೆ. ಆಯೋಗ ಯಾವುದು, ಸಂಘ ಯಾವುದು ಎಂದು ಊರಿಗೆ ತಿಳಿಸುವುದೂ ನಿಮ್ಮ ಪಾಠದ ಭಾಗವಾದರೆ ತಪ್ಪಿಲ್ಲ.

ಭಾಷೆಯ ಬಗ್ಗೆ ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ಇಂಗ್ಲಿಷು ಬಾರದೆ ಮಾನವ ಹಕ್ಕುಗಳ ಕಾನೂನು ಓದಲಾಗದು ಎಂಬ ಅಳುಕು ಹಳ್ಳಿಯಿಂದ ಬಂದ ಮಕ್ಕಳಲ್ಲಿದೆ. ಹೈಕೋರ್ಟಿಗೆ ಇಂಗ್ಲಿಷು ಬೇಕು, ಕಲಿಯಿರಿ. ಆದರೆ ಇಂದು ನಾನು ಹೇಳಿದ ವಿಳಾಸಗಳಲ್ಲಿ, ಠಾಣೆಯಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜೈಲಿನಲ್ಲಿ, ಫಿರ್ಯಾದಿಯೂ ಪಂಚನಾಮೆಯೂ ಅರ್ಜಿಯೂ ಕನ್ನಡದಲ್ಲೇ ಹುಟ್ಟುತ್ತವೆ. ಅಲ್ಲಿ ಕೆಟ್ಟ ಕನ್ನಡದಲ್ಲಿ ಬರೆದ ಒಂದು ಹೇಳಿಕೆಯನ್ನು ಕಲಬುರಗಿ ಪೀಠದಲ್ಲಿ ಎಷ್ಟು ಒಳ್ಳೆಯ ಇಂಗ್ಲಿಷಿನಿಂದಲೂ ರಿಪೇರಿ ಮಾಡುವುದು ಕಷ್ಟ. 2008ರಲ್ಲಿ ಆ ಪೀಠ ಬರುವವರೆಗೆ ಈ ಜಿಲ್ಲೆಯವರು ರಿಟ್ ಅರ್ಜಿಗೆ ಬೆಂಗಳೂರಿಗೇ ಹೋಗಬೇಕಿತ್ತು, ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಈಗ ಬೆಳಗ್ಗೆ ಬಸ್ಸು ಹತ್ತಿದರೆ ಅದೇ ದಿನ ತಿರುಗಿ ಬರಬಹುದು.

ಬಾರ್ ಕೌನ್ಸಿಲ್ ನಿಯಮದಂತೆ ಮೂರು ವರ್ಷದ ಕೋರ್ಸಿನವರಿಗೆ ಹನ್ನೆರಡು ವಾರ, ಐದು ವರ್ಷದವರಿಗೆ ಇಪ್ಪತ್ತು ವಾರ ಇಂಟರ್ನ್‌ಶಿಪ್ ಇದೆ. ಅದರಲ್ಲಿ ಒಂದು ವಾರವನ್ನಾದರೂ ಇಂಥ ಅರ್ಜಿಗಳನ್ನು ಕನ್ನಡದಲ್ಲಿ ಬರೆಯಲು ಮೀಸಲಿಡಬೇಕೆಂದು ಪ್ರಾಚಾರ್ಯರಲ್ಲಿ ಕೇಳಿಕೊಳ್ಳುತ್ತೇನೆ. ಜೀತದ ಅಧಿನಿಯಮದ 12ನೆಯ ಕಲಮಿನಡಿ ಒಂದು, ಸ್ಮಾರಕದ ಪಕ್ಕದ ಮನೆ ದುರಸ್ತಿಗೆ ಒಂದು, 479ರಡಿ ಒಂದು. ಆ ಮೂರನೆಯದನ್ನು ಬರೆಯುವಾಗ, ಕೂಲಿಕಾರರನ್ನು ಹೊಡೆದ ಆರೋಪ ಹೊತ್ತವನೇ ನಿಮ್ಮ ಕಕ್ಷಿದಾರನೆಂದು ಇಟ್ಟುಕೊಂಡು ಬರೆಯಿರಿ. ಅವನನ್ನೂ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಬಂಧನದ ಕಾರಣ ಅವನಿಗೂ ತಿಳಿಸಬೇಕು, ಅವನಿಗೂ ವಕೀಲರು ಸಿಗಬೇಕು. ಅಲ್ಲಿ ನಿಮ್ಮ ಪೆನ್ನು ತಡೆದರೆ ಅದರ ಬಗ್ಗೆ ಚರ್ಚಿಸೋಣ. ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಮೊದಲ ಪ್ರಶ್ನೆ ಹಿಂದಿನ ಸಾಲುಗಳಿಂದ ಬರಲಿ.